ಅಕ್ಕನ ಲೆಕ್ಕದ ಪುಸ್ತಕ: ಮುಂಬೈಯ ಅಸುರಬೇಟೆ ಕಥೆಗಳನ್ನು ನಾನು ಬರೆಯುವ ಬಗೆ

ಒಂದೇ ಪಾತ್ರ ಇಟ್ಟುಕೊಂಡು ವರ್ಷಗಟ್ಟಲೆ ಕಥೆ ಬರೆಯುವವರಿಗೆ ಒಂದು ಆಸೆ ಬಂದೇ ಬರುತ್ತದೆ. ಮುಂದಿನ ಅಸುರನನ್ನು ಇನ್ನೂ ದೊಡ್ಡದು ಮಾಡೋಣ ಅಂತ. ಈ ಸಲ ಒಂದು ಚಾಳ್, ಅಂದರೆ ಸಾಲುಕೋಣೆಗಳ ವಠಾರ, ಅಪಾಯದಲ್ಲಿದ್ದರೆ ಮುಂದಿನ ಸಲ ಇಡೀ ಪರೇಲ್ ಬಡಾವಣೆ, ಆಮೇಲೆ ಇಡೀ ಮುಂಬೈ. ಅದಾದ ಮೇಲೆ ಎಲ್ಲಿಗೆ ಹೋಗುವುದು? ಊರು ಮುಳುಗುತ್ತದೆ ಅಂತ ಎರಡು ಸಲ ಹೇಳಿದರೆ ಮೂರನೇ ಸಲ ಓದುಗರು ಹೆದರುವುದಿಲ್ಲ.

ನನ್ನ ಕಥೆಗಳ ಬೇಟೆಗಾರ್ತಿಗೆ ಎಲ್ಲರೂ 'ಅಕ್ಕ' ಅನ್ನುತ್ತಾರೆ. ಕಾರ್ಕಳದ ಕಡೆಯಿಂದ ಮದುವೆಯಾಗಿ ಮುಂಬೈಗೆ ಬಂದವಳು. ಮಾಟುಂಗಾದಲ್ಲಿ ಮೆಸ್ ನಡೆಸುತ್ತಾಳೆ. ರಾತ್ರಿ ಪಾತ್ರೆ ತೊಳೆದ ಮೇಲೆ ಅವಳ ಇನ್ನೊಂದು ಕೆಲಸ ಶುರು. ಅವಳ ನಿಜವಾದ ಹೆಸರು ಇದುವರೆಗೆ ಯಾವ ಕಥೆಯಲ್ಲೂ ಬಂದಿಲ್ಲ. ಹೆಸರು ಗೊತ್ತಾದವರಿಗೆ ಅವಳ ಮೇಲೆ ಹಿಡಿತ ಸಿಗುತ್ತದೆ ಅನ್ನುವುದು ಮೊದಲ ಕಥೆಯಿಂದಲೂ ಇರುವ ನಿಯಮ.

ನಾನು ಅಸುರನ ಬಲವನ್ನು ಹೆಚ್ಚಿಸುವುದಿಲ್ಲ, ಅವನ ವರವನ್ನು ಬದಲಿಸುತ್ತೇನೆ. ಇದನ್ನು ಕಲಿತದ್ದು ನಮ್ಮ ಪುರಾಣಗಳಿಂದಲೇ. ಹಿರಣ್ಯಕಶಿಪು ನೆನಪಿನಲ್ಲಿ ಉಳಿಯುವುದು ಅವನ ತೋಳಿನ ಶಕ್ತಿಗಾಗಿ ಅಲ್ಲ, ಅಲ್ವಾ? ಹಗಲಲ್ಲಿ ಸಾವಿಲ್ಲ, ರಾತ್ರಿ ಸಾವಿಲ್ಲ, ಒಳಗೂ ಇಲ್ಲ, ಹೊರಗೂ ಇಲ್ಲ. ರಕ್ತಬೀಜನ ಒಂದೊಂದು ಹನಿ ರಕ್ತದಿಂದಲೂ ಇನ್ನೊಬ್ಬ ಹುಟ್ಟುತ್ತಾನೆ. ವರ ಅಂದರೆ ಒಂದು ಒಗಟು, ಅದನ್ನು ಬಿಡಿಸುವುದೇ ಕಥೆ. ಹಾಗಾಗಿ ಹೊಸ ಕಥೆಗೆ ಕೂತಾಗ ಅಸುರನ ರೂಪ, ಹೆಸರು ಯಾವುದನ್ನೂ ಯೋಚಿಸುವುದಿಲ್ಲ. ಅವನ ವರ ಏನು ಅಂತ ಒಂದು ಸಾಲು ಬರೆಯುತ್ತೇನೆ. ಆ ಸಾಲು ಈ ಊರಿನಲ್ಲಿ ಮಾತ್ರ ಹುಟ್ಟುವಂಥದ್ದಾಗಿರಬೇಕು. ಬೇರೆ ಊರಿನಲ್ಲೂ ನಡೆಯುತ್ತದೆ ಅನ್ನಿಸಿದರೆ ಹೊಡೆದು ಹಾಕುತ್ತೇನೆ.

ಗಿರಣಿ ಮುಷ್ಕರದ ಕಥೆಯನ್ನೇ ನೋಡಿ. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ನೇತೃತ್ವದಲ್ಲಿ ಮುಂಬೈಯ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಯಿತು. ಸುಮಾರು 2.5 ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಲೋವರ್ ಪರೇಲ್‌ನ ಫೀನಿಕ್ಸ್ ಮಿಲ್ ಇದ್ದಲ್ಲಿ ಈಗ ಮಾಲ್ ಇದೆ. ಆದರೆ ಮುಷ್ಕರ ಮುಗಿಯಿತು ಅಂತ ಯಾರೂ ಅಧಿಕೃತವಾಗಿ ಘೋಷಿಸಲೇ ಇಲ್ಲ. ಈ ಒಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತು. ಅದರಿಂದಲೇ ವರ ಸಿಕ್ಕಿತು: 'ಮುಷ್ಕರ ನಡೆಯುತ್ತಿರುವ ತನಕ ನಿನಗೆ ಸಾವಿಲ್ಲ.'

ಆ ಅಸುರ ಗಿರಣಿಯ ಭೋಂಗಾದ, ಅಂದರೆ ಕೆಲಸಕ್ಕೆ ಕರೆಯುವ ಸೈರನ್ನಿನ, ದನಿಯಲ್ಲಿ ಕೂಗುತ್ತಾನೆ. ಆ ದನಿಗಾಗಿ ಇನ್ನೂ ಕಾಯುತ್ತಿರುವವರ ಮನೆಗೆ ಮಾತ್ರ ಅವನಿಗೆ ಪ್ರವೇಶ. ಕತ್ತಿ, ಮಂತ್ರ ಏನೂ ತಾಗುವುದಿಲ್ಲ. ಅಕ್ಕ ಕೊನೆಗೆ ಲಾಲ್‌ಬಾಗ್‌ನ ಒಂದು ಚಾಳಿನ ಕಾರಿಡಾರಿನಲ್ಲಿ ಹಳೆಯ ಕಾರ್ಮಿಕರ ಸಭೆ ಕರೆಯುತ್ತಾಳೆ. ಬದುಕಿರುವವರೂ ಬರುತ್ತಾರೆ, ಸತ್ತವರೂ ಬರುತ್ತಾರೆ. ಮುಷ್ಕರ ನಿಲ್ಲಿಸಲು ಎಲ್ಲರೂ ಕೈ ಎತ್ತಬೇಕು. ಒಬ್ಬ ಮಾತ್ರ ಎತ್ತುವುದಿಲ್ಲ. ಅವನು ಅಕ್ಕನ ಗಂಡ. ಪಗಾರ ನಿಂತಾಗಲೂ ಸೋತೆ ಅಂತ ಒಪ್ಪದ ಮನುಷ್ಯ. ಆ ರಾತ್ರಿ ಅವಳು ಗಂಡನ ಮುಂದೆ ಕೂತು ಆಡುವ ಮಾತುಗಳನ್ನು ಬರೆಯಲು ನನಗೆ ಉಳಿದ ಇಡೀ ಕಥೆಗಿಂತ ಜಾಸ್ತಿ ಸಮಯ ಹಿಡಿಯಿತು. ಕೊನೆಗೆ ಅವನು ಕೈ ಎತ್ತುತ್ತಾನೆ. ಅಸುರ ಸಾಯುತ್ತಾನೆ. ಆದರೆ ಗಂಡ ಅವತ್ತಿನಿಂದ ಅವಳ ಜೊತೆ ಮಾತು ಬಿಡುತ್ತಾನೆ.

ಮುಂದಿನ ಕಥೆಗಳಲ್ಲೂ ಅವನು ಮಾತಾಡಿಲ್ಲ. ನಾನು ಗಟ್ಟಿಯಾಗಿ ಹಿಡಿದುಕೊಂಡಿರುವ ನಿಯಮ ಇದೇ: ಅಕ್ಕ ಕಳೆದುಕೊಂಡದ್ದು ವಾಪಸ್ ಬರಬಾರದು. ಇದಕ್ಕಾಗಿ ಒಂದು ಉದ್ದದ ಲೆಕ್ಕದ ಪುಸ್ತಕ ಇಟ್ಟಿದ್ದೇನೆ, ಅಂಗಡಿಯವರು ಬಳಸುವಂಥದ್ದು. ಪ್ರತಿ ಕಥೆ ಮುಗಿದಾಗ ಅವಳು ಏನು ಕಳೆದುಕೊಂಡಳು, ಯಾರಿಗೆ ಋಣಿಯಾದಳು, ಯಾರಿಗೆ ಸುಳ್ಳು ಹೇಳಿದಳು ಅಂತ ಬರೆದಿಡುತ್ತೇನೆ. ಹೊಸ ಕಥೆ ಹೊಳೆಯದಿದ್ದರೆ ಅದನ್ನೇ ತಿರುವಿ ಹಾಕುವುದು. ಒಮ್ಮೆ ಒಂದು ಮಗುವನ್ನು ಉಳಿಸಲು ಅವಳು ತನ್ನ ತಾಯಿ ಹಾಡುತ್ತಿದ್ದ ತುಳು ಜೋಗುಳದ ನೆನಪನ್ನು ಕೊಟ್ಟುಬಿಟ್ಟಿದ್ದಳು. ಬಹಳ ಕಾಲದ ಮೇಲೆ ಕಥೆಯಲ್ಲಿ ಅಕ್ಕನಿಗೆ ಮೊಮ್ಮಗಳು ಹುಟ್ಟಿದಾಗ ಪುಸ್ತಕದ ಆ ಸಾಲು ನನ್ನ ಕಣ್ಣಿಗೆ ಬಿತ್ತು. ಅಕ್ಕ ತೊಟ್ಟಿಲ ಬಳಿ ನಿಂತು ಬಾಯಿ ತೆರೆಯುತ್ತಾಳೆ, ಹಾಡು ಬರುವುದಿಲ್ಲ. ಪಕ್ಕದ ಮನೆಯ ಆಜಿ ಬಂದು ಮರಾಠಿಯಲ್ಲಿ ಹಾಡುತ್ತಾಳೆ. ಆ ಕಥೆಯಲ್ಲಿ ಅಸುರನೇ ಇಲ್ಲ. ಓದುಗರು ನನ್ನ ಬಳಿ ಅತಿ ಹೆಚ್ಚು ಮಾತಾಡಿದ್ದು ಅದರ ಬಗ್ಗೆಯೇ.

ಇನ್ನು ಊರು ತಾನಾಗಿಯೇ ಬದಲಾಗುತ್ತಾ ಇರುತ್ತದೆ, ಕಣ್ಣು ತೆರೆದು ನೋಡಬೇಕು ಅಷ್ಟೇ. 2023ರ ಡಿಸೆಂಬರ್‌ನಲ್ಲಿ ದಾದರ್ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ನಂಬರುಗಳು ಬದಲಾದವು. ವೆಸ್ಟರ್ನ್ ಲೈನಿನವು ಹಾಗೇ ಉಳಿದವು, ಸೆಂಟ್ರಲ್ ಲೈನಿನ 1ನೇ ನಂಬರು 8 ಆಯಿತು. ಕೊಂಕಣದ ಮರಾಠಿ ಜನ 'ಚಕವಾ' ಅನ್ನುವ ಒಂದು ಭೂತದ ಕಥೆ ಹೇಳುತ್ತಾರೆ. ದಾರಿ ತಪ್ಪಿಸಿ ಸುತ್ತಿದಲ್ಲೇ ಸುತ್ತಿಸುತ್ತದೆ. ಹಳೇ ನಂಬರು ತಲೆಯಲ್ಲಿಟ್ಟುಕೊಂಡು ಸತ್ತವರು ಮನೆಗೆ ಹೋಗುವ ಗಾಡಿ ಹುಡುಕುತ್ತಾ ದಾದರ್ ಸೇತುವೆಯ ಮೇಲೆ ಅಲೆಯುತ್ತಿದ್ದರೆ? ಅಂಥವರನ್ನೆಲ್ಲ ಚಕವಾ ತನ್ನ ಹಿಂದೆ ಸಾಲಾಗಿ ನಡೆಸುತ್ತಾ ಇದ್ದರೆ? ಕಥೆ ತಾನೇ ನಡೆಯಿತು. ಅಷ್ಟು ಹೊತ್ತಿಗೆ ಅಕ್ಕನಿಗೆ ಅರವತ್ತು ದಾಟಿತ್ತು, ಮಂಡಿನೋವು. ಸೇತುವೆ ಹತ್ತಿ ಇಳಿಯುವುದೇ ಅವಳಿಗೆ ಯುದ್ಧ. ಅವಳಿಗೆ ವಯಸ್ಸಾಗಲು ಬಿಟ್ಟದ್ದರಿಂದ ಮೊದಲು ಓಡಿ ಗೆಲ್ಲುತ್ತಿದ್ದವಳು ಈಗ ಕೂತು ಯೋಚಿಸಿ ಗೆಲ್ಲಬೇಕಾಗಿದೆ.

ಒಂದು ಗೆರೆ ಮಾತ್ರ ನಾನು ದಾಟುವುದಿಲ್ಲ. ತುಳುನಾಡಿನ ದೈವಗಳನ್ನು ಬೇಟೆಯ ಪ್ರಾಣಿಗಳಾಗಿ ಮಾಡಿಲ್ಲ, ಮಾಡುವುದೂ ಇಲ್ಲ. ನಾವು ಕೋಲ ಕೊಟ್ಟು ಕೈ ಮುಗಿಯುವ ಶಕ್ತಿಗಳು ಅವು. ಅಕ್ಕ ಊರಿಗೆ ಹೋದಾಗ ದೈವದ ಮುಂದೆ ನಿಂತು ನುಡಿ ಕೇಳುತ್ತಾಳೆ, ಅಷ್ಟೇ. ಹೊಸತು ಬೇಕು ಅಂತ ಪೂಜೆಯ ವಸ್ತುವನ್ನು ರಾಕ್ಷಸ ಮಾಡಿದರೆ ನಮ್ಮ ಓದುಗರ ಮನಸ್ಸು ನೋಯುತ್ತದೆ, ಮತ್ತು ಅದು ನ್ಯಾಯವೂ ಅಲ್ಲ.

ಅಸುರನನ್ನು ತೋರಿಸುವ ಕ್ರಮವನ್ನು ಯಕ್ಷಗಾನದಿಂದ ತೆಗೆದುಕೊಂಡೆ. ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬೈಗೆ ಬಂದಾಗ ತಪ್ಪದೆ ಹೋಗುತ್ತೇನೆ. ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ತೆರೆಯ ಹಿಂದೆ ಮೊದಲು ಆರ್ಭಟಿಸುತ್ತದೆ, ಆಮೇಲೆ ಕಿರೀಟ, ಆಮೇಲೆ ಕಣ್ಣು. ಪ್ರಸಂಗ ಎಲ್ಲರಿಗೂ ಬಾಯಿಪಾಠ, ಆದರೂ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರೆ. ನನ್ನ ಕಥೆಗಳಲ್ಲೂ ಅರ್ಧ ದಾಟುವ ತನಕ ಅಸುರನ ಮುಖ ಕಾಣುವುದಿಲ್ಲ.

ಈಗ ಬರೆಯುತ್ತಿರುವುದು ಮೆಟ್ರೋ ಸುರಂಗದ ಕಥೆ. 2024ರಲ್ಲಿ ಆರೆಯಿಂದ ಬಿಕೆಸಿ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್) ತನಕ ನೆಲದಡಿ ಗಾಡಿ ಓಡಲು ಶುರುವಾಯಿತು. ಅಕ್ಕನ ಜೊತೆ ಈಗ ಒಬ್ಬ ಹುಡುಗಿ ಇದ್ದಾಳೆ. ಮುಂಬೈಯಲ್ಲೇ ಹುಟ್ಟಿದವಳು. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಅಕ್ಕ ಬರೆದಿಟ್ಟ ಚೀಟಿಗಳು ಅವಳ ಪಾಲಿಗೆ ಬರೀ ಗೆರೆಗಳು. ಈ ಸಲದ ವರವನ್ನು ಆಗಲೇ ಬರೆದಿಟ್ಟಿದ್ದೇನೆ: 'ನಿನ್ನನ್ನು ಮೊದಲೇ ಬಲ್ಲವರಿಂದ ನಿನಗೆ ಸಾವಿಲ್ಲ.' ಅಕ್ಕನಿಗೆ ಎಲ್ಲ ಗೊತ್ತು, ಹಾಗಾಗಿ ಅವಳು ಕೆಳಗಿಳಿಯುವ ಹಾಗಿಲ್ಲ. ಹುಡುಗಿಯನ್ನೇ ಕಳಿಸಬೇಕು, ಏನೂ ಹೇಳದೆ ಕಳಿಸಬೇಕು. ಅವಳ ತಾಯಿಗೆ ಅಕ್ಕ ಏನಂತ ಉತ್ತರ ಕೊಡುತ್ತಾಳೆ ಅನ್ನುವ ಪುಟದಲ್ಲಿ ಸದ್ಯ ಇದ್ದೇನೆ.