ಬಾಣಕ್ಕೆ ಮೂರು ಫೋಟೊ, ಗಂಗೆಗೆ ಅರವತ್ತು

ಮುಂಬೈಯ ಮಲಬಾರ್ ಹಿಲ್‌ನ ಬಾಣಗಂಗಾ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತರೆ ಉಪ್ಪುಗಾಳಿ ಮೂಗಿಗೆ ಬಡಿಯುತ್ತದೆ. ಮನೆಗಳ ಸಾಲು ದಾಟಿದರೆ ಆಚೆಗೆ ಸಮುದ್ರ. ಆದರೆ ಕಲ್ಯಾಣಿಗೆ ಬರುವುದು ಒರತೆಯ ಸಿಹಿನೀರು. ಹೇಗೆ? ಸೀತೆಯನ್ನು ಹುಡುಕುತ್ತ ಬಂದ ರಾಮನಿಗೆ ಇಲ್ಲಿ ಬಾಯಾರಿತಂತೆ. ಸುತ್ತ ಬರೀ ಉಪ್ಪುನೀರು. ಲಕ್ಷ್ಮಣ ನೆಲಕ್ಕೆ ಬಾಣ ಬಿಟ್ಟನಂತೆ, ಗಂಗೆ ಉಕ್ಕಿದಳಂತೆ.

ನಮ್ಮ ಕನ್ನಡ ಶಾಲೆಯ ಆರರಿಂದ ಎಂಟನೇ ಕ್ಲಾಸಿನ ಮಕ್ಕಳು ಇದನ್ನೇ ಮೂರು ನಿಮಿಷದ ಸಿನಿಮಾ ಮಾಡಿದರು. ಅರ್ಧ ಮೊಬೈಲಿನಲ್ಲಿ ತೆಗೆದದ್ದು, ಅರ್ಧ ಅನಿಮೇಷನ್. "ನಮ್ಮೂರ ಕತೆ ಮಾಡಿಸಬಹುದಿತ್ತಲ್ಲ ಟೀಚರ್" ಎಂದು ಒಬ್ಬ ತಾಯಿ ಕೇಳಿದರು. ಅವರ ಊರು ಕಾರ್ಕಳದ ಹತ್ತಿರ. ಮಗಳ ಊರು ಇಲ್ಲಿಯ ಸಾಕಿನಾಕಾ ಬಡಾವಣೆ, ಅಲ್ವಾ? ಲೋಕಲ್ ಟ್ರೇನ್ ಹತ್ತಿ ಹೋಗಿ ಮುಟ್ಟಿ ಬರುವಂಥ ಕತೆ ಇದ್ದರೆ ಮಕ್ಕಳ ಕೆಲಸ ಅರ್ಧ ಹಗುರ. ನೀವು ನಿಮ್ಮ ಬಡಾವಣೆಯ ಯಾವ ಕತೆಯನ್ನಾದರೂ ತೆಗೆದುಕೊಳ್ಳಿ. ದಾರಿ ಇದೇ.

ಮೊದಲು ಕಿವಿ

ಕತೆಯನ್ನು ಇಂಟರ್ನೆಟ್ಟಿನಿಂದ ಇಳಿಸಬೇಡಿ. ಮಕ್ಕಳನ್ನು ಜಾಗಕ್ಕೆ ಕರೆದುಕೊಂಡು ಹೋಗಿ, ಇಬ್ಬರಿಗೊಂದು ಫೋನ್ ಕೊಟ್ಟು, ಮೂರು ಜನರ ಬಾಯಲ್ಲಿ ಕೇಳಿಸಿ. ರೆಕಾರ್ಡ್ ಮಾಡುವ ಮುಂಚೆ "ಮಾಡಬಹುದಾ ಅಜ್ಜಿ?" ಎಂದು ಕೇಳುವುದನ್ನೂ ಕಲಿಸಿ. ಬಾಣಗಂಗಾ ದಡದಲ್ಲಿ ಪಿತೃಕಾರ್ಯಕ್ಕೆ ಬಂದವರು ಇರುತ್ತಾರೆ. ಅವರತ್ತ ಕ್ಯಾಮೆರಾ ತಿರುಗಿಸುವುದು ಬೇಡ. ದೀಪಸ್ತಂಭ, ಮೆಟ್ಟಿಲು, ಈಜುವ ಬಾತುಕೋಳಿ, ಇಷ್ಟು ತೆಗೆದರೆ ಧಾರಾಳ. ಗುಡಿ, ಮಠಗಳ ಒಳಗಿನ ದೃಶ್ಯ ಬೇಕೆಂದರೆ ಅಲ್ಲಿಯವರ ಒಪ್ಪಿಗೆ ತೆಗೆದುಕೊಳ್ಳಿ.

ವಾಪಸು ಬಂದ ಮೇಲೆ ನಮ್ಮಲ್ಲಿ ಜಗಳವಾಯಿತು. ಒಂದು ಗುಂಪಿಗೆ ಬಾಣ ಬಿಟ್ಟವನು ಲಕ್ಷ್ಮಣ, ಇನ್ನೊಂದಕ್ಕೆ ರಾಮನೇ. ಯಾವುದು ಸರಿ ಎಂದು ತೀರ್ಪು ಕೊಡಲು ಹೋಗಬೇಡಿ. ನಾವು ಆ ಜಗಳವನ್ನೇ ಇಟ್ಟುಕೊಂಡೆವು. ತಾಳಮದ್ದಳೆಯ ಅರ್ಥಧಾರಿಗಳ ಹಾಗೆ ಇಬ್ಬರು ಮಕ್ಕಳು ಎದುರುಬದುರು ಕೂತು ವಾದ ಮಾಡುತ್ತಾರೆ, ನಡುವೆ ಮರಳಿನ ಚಿತ್ರ ಬರುತ್ತದೆ. ಸಿನಿಮಾದಲ್ಲಿ ಜನ ನಕ್ಕಿದ್ದು ಅಲ್ಲೇ.

ಎಲ್ಲಿ "ಅಂತೆ", ಎಲ್ಲಿ ಬೇಡ

ಸ್ಕ್ರಿಪ್ಟ್ ಒಂದು ಪುಟ ಸಾಕು. ಕತೆಯ ಜೊತೆ ಇತಿಹಾಸವನ್ನೂ ಹೇಳಿಸಿ, ಆದರೆ ಕಲಸಬೇಡಿ. ಇದಕ್ಕೆ ಕನ್ನಡದಲ್ಲೇ ಉಪಾಯ ಇದೆ. ಕೇಳಿದ ಕತೆಗೆ "ಅಂತೆ" ಹಚ್ಚಿ, ದಾಖಲೆ ಇರುವುದನ್ನು ನೇರ ಹೇಳಿ. "ಬಾಣ ಬಿಟ್ಟನಂತೆ." "1127ರಲ್ಲಿ ಶಿಲಾಹಾರ ಅರಸರ ಮಂತ್ರಿ ಲಕ್ಷ್ಮಣ ಪ್ರಭು ಈ ಕಲ್ಯಾಣಿ ಕಟ್ಟಿಸಿದ." "1715ರಲ್ಲಿ ರಾಮ ಕಾಮತಿ ಮತ್ತೆ ಕಟ್ಟಿಸಿದ." ಕತೆಯಲ್ಲೂ ರಾಮ ಲಕ್ಷ್ಮಣ, ಚರಿತ್ರೆಯಲ್ಲೂ ಒಬ್ಬ ರಾಮ, ಒಬ್ಬ ಲಕ್ಷ್ಮಣ! ಇದನ್ನು ಕಂಡುಹಿಡಿದದ್ದು ಏಳನೇ ಕ್ಲಾಸಿನ ಹುಡುಗಿ, ನಾನಲ್ಲ.

ಕತೆಯೇ ಸಾಮಾನು ಹೇಳುತ್ತದೆ

ಅನಿಮೇಷನ್ ಅಂದ ಕೂಡಲೇ ಕಂಪ್ಯೂಟರ್ ಹುಡುಕಬೇಡಿ. ಕತೆಯೊಳಗೆ ಯಾವ ವಸ್ತು ಇದೆ ನೋಡಿ. ಪಕ್ಕದ ವಾಳಕೇಶ್ವರ ಗುಡಿಯ ಕತೆ ಹೀಗೆ: ಲಕ್ಷ್ಮಣ ದಿನಾ ಕಾಶಿಯಿಂದ ಲಿಂಗ ತರುತ್ತಿದ್ದನಂತೆ. ಒಂದು ದಿನ ತಡವಾಯಿತಂತೆ. ರಾಮ ಮರಳಿನಲ್ಲೇ ಲಿಂಗ ಮಾಡಿ ಪೂಜಿಸಿದನಂತೆ. ವಾಲುಕಾ ಎಂದರೆ ಮರಳು, ಅದಕ್ಕೇ ಆ ಹೆಸರು. ಮತ್ತೆ ಯೋಚನೆ ಏಕೆ? ಮರಳಿನಲ್ಲೇ ಚಿತ್ರ. ಮರಳನ್ನು ಸ್ವಲ್ಪಸ್ವಲ್ಪ ಸರಿಸುತ್ತ ಒಂದೊಂದೇ ಫೋಟೊ ತೆಗೆದು, ಎಲ್ಲವನ್ನೂ ಬೇಗಬೇಗ ಓಡಿಸಿದರೆ ಚಿತ್ರ ಚಲಿಸುತ್ತದೆ.

ಹೆಸರು ಬಿಡಿಸಿ ಹೇಳುವಾಗ ಕ್ಲಾಸಿನಲ್ಲಿ ಮೂರು ಶಬ್ದ ಬಂದವು. ಒಬ್ಬರಿಗೆ ಮರಳು, ವಿಜಯಪುರದ ಕಡೆಯ ಹುಡುಗನಿಗೆ ಉಸುಕು, ತುಳು ಮನೆಯವಳಿಗೆ ಪೊಯ್ಯೆ. ಮೂರನ್ನೂ ಸಿನಿಮಾದಲ್ಲಿ ಹೇಳಿಸಿದೆವು.

ಚೌಪಾಟಿ ಕಡಲತೀರದ ಮರಳು ಹಾಗೇ ಬಳಸಲು ಬರುವುದಿಲ್ಲ. ಉಪ್ಪಿನ ಪಸೆಯಿಂದ ಉಂಡೆ ಕಟ್ಟುತ್ತದೆ. ಒಂದು ಡಬ್ಬಿಯಷ್ಟನ್ನು ಮೂರು ಸಲ ತೊಳೆದು, ಎರಡು ದಿನ ಬಿಸಿಲಿಗೆ ಹರಡಿ, ರವೆಯ ಜರಡಿಯಲ್ಲಿ ಸೋಸಿ. ಹಳೆಯ ಫೋಟೊ ಫ್ರೇಮಿನ ಗಾಜು ತೆಗೆದು ಅಂಚಿಗೆಲ್ಲ ದಪ್ಪ ಟೇಪ್ ಸುತ್ತಿ. ಈ ಕೆಲಸ ದೊಡ್ಡವರದು. ಎರಡು ಸಮ ಎತ್ತರದ ಪುಸ್ತಕದ ಗುಡ್ಡೆಗಳ ಮೇಲೆ ಗಾಜು ಇಡಿ, ಅದರ ಕೆಳಮೈಗೆ ಬಟರ್ ಪೇಪರ್ ಅಂಟಿಸಿ, ಅಡಿಗೆ ಎಲ್‌ಇಡಿ ದೀಪ ಇಡಿ. ಕೋಣೆ ಕತ್ತಲು ಮಾಡಿ ಮರಳು ಉದುರಿಸಿದರೆ ತೆಳುವಾದಲ್ಲಿ ಬಂಗಾರದ ಬಣ್ಣ, ದಪ್ಪವಾದಲ್ಲಿ ಕಪ್ಪು. ಬೆರಳು, ಐಸ್‌ಕ್ರೀಮ್ ಕಡ್ಡಿ, ಹಳೇ ಬ್ರಶ್, ಇವೇ ಪೆನ್ಸಿಲ್.

ಫೋನನ್ನು ಗಾಜಿನ ನೇರ ಮೇಲೆ ಕಟ್ಟಬೇಕು. ನಾವು ಎರಡು ಸ್ಟೂಲಿನ ನಡುವೆ ಹಲಗೆ ಇಟ್ಟು, ಕ್ಯಾಮೆರಾ ಹೊರಚಾಚುವ ಹಾಗೆ ಫೋನನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದೆವು. ಪರದೆಯನ್ನು ಬೆರಳಲ್ಲಿ ಒತ್ತಿ ಹಿಡಿದರೆ ಬಹಳಷ್ಟು ಫೋನ್‌ಗಳಲ್ಲಿ ಬೆಳಕು, ಫೋಕಸ್ ಲಾಕ್ ಆಗುತ್ತವೆ. ಇದನ್ನು ಮರೆತರೆ ಸಿನಿಮಾ ಮಿಂಚುಹುಳದ ಹಾಗೆ ಮಿನುಗುತ್ತದೆ. ಫೋನನ್ನು ಮುಟ್ಟದೆ ಕ್ಲಿಕ್ ಮಾಡಲು ತಂತಿ ಇರುವ ಇಯರ್‌ಫೋನ್ ಸಿಕ್ಕಿಸಿ ವಾಲ್ಯೂಮ್ ಗುಂಡಿ ಒತ್ತಿ ನೋಡಿ. ಸುಮಾರು ಫೋನ್‌ಗಳಲ್ಲಿ ನಡೆಯುತ್ತದೆ.

ಮುಖ್ಯವಾಗಿ, ಫ್ಯಾನ್ ಆಫ್. ನಮ್ಮಲ್ಲಿ ಸೆಕೆ ತಾಳಲಾರದೆ ಯಾರೋ ಸ್ವಿಚ್ ಹಾಕಿದರು. ಎರಡು ಗಂಟೆಯ ರಾಮಲಕ್ಷ್ಮಣರು ಒಂದೇ ಸುತ್ತಿಗೆ ಮಾಯ. ಯಾರು ಹಾಕಿದ್ದು ಎಂದು ಇವತ್ತಿಗೂ ಗೊತ್ತಾಗಿಲ್ಲ. ನನಗೆ ಅನುಮಾನ ಇರುವುದು ನನ್ನ ಮೇಲೇ.

ಫೋಟೊ ಲೆಕ್ಕ

ಸಾಮಾನ್ಯವಾಗಿ ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಓಡುತ್ತವೆ. ಮಕ್ಕಳಿಗೆ 10 ಸಾಕು. 25 ಸೆಕೆಂಡಿನ ಅನಿಮೇಷನ್ ಎಂದರೆ 250 ಫೋಟೊ, ನಮಗೆ ಎರಡು ಭಾನುವಾರ ಹಿಡಿಯಿತು. ಸ್ವಲ್ಪ ಸರಿಸು, ಕೈ ತೆಗೆ, ಕ್ಲಿಕ್. ಮತ್ತೆ ಸ್ವಲ್ಪ ಸರಿಸು. ಒಬ್ಬರು ಸರಿಸುವವರು, ಒಬ್ಬರು ಕ್ಲಿಕ್ ಮಾಡುವವರು, ಒಬ್ಬರು "ಕೈ!" ಎಂದು ಕೂಗುವವರು. ಕೂಗುವವರು ಇಲ್ಲದಿದ್ದರೆ ಸಿನಿಮಾ ತುಂಬ ಬೆರಳೇ. ಬೇಸರಪಟ್ಟವರಿಗೆ ಫಾಲ್ಕೆಯವರ ಕತೆ ಹೇಳಿ. ಸಿನಿಮಾಕ್ಕೆ ದುಡ್ಡು ಹಾಕುವವರನ್ನು ನಂಬಿಸಲು ದಾದಾಸಾಹೇಬ್ ಫಾಲ್ಕೆ 1912ರಲ್ಲಿ ಇದೇ ಮುಂಬೈಯಲ್ಲಿ ಬಟಾಣಿ ಗಿಡ ಬೆಳೆಯುವುದನ್ನು ಹೀಗೇ ತಾಳ್ಮೆಯಿಂದ ಚಿತ್ರ ಹಿಡಿದಿದ್ದರು.

ಮಕ್ಕಳು ಎಲ್ಲವನ್ನೂ ಒಂದೇ ಅಳತೆಯಲ್ಲಿ ಸರಿಸುತ್ತಾರೆ. ಆಗ ಬಾಣ ಮುಂಬೈಯ ಬೆಸ್ಟ್ ಸಿಟಿ ಬಸ್ಸಿನ ಹಾಗೆ ನಿಧಾನ ಹೋಗುತ್ತದೆ. ಇಲ್ಲಿ ನಿಲ್ಲಿಸಿ ತಿದ್ದಬೇಕು. ಬಿಲ್ಲು ಎಳೆದಾಗ ಏನನ್ನೂ ಸರಿಸದೆ 10 ಫೋಟೊ ತೆಗೆಯಿರಿ, ಒಂದು ಸೆಕೆಂಡ್ ಎಲ್ಲರೂ ಉಸಿರು ಹಿಡಿಯಲಿ. ಆಮೇಲೆ ಬಾಣಕ್ಕೆ ಬರೀ 3 ಫೋಟೊ: ಬಿಲ್ಲಿನಲ್ಲಿ, ಗಾಳಿಯಲ್ಲಿ, ನೆಲದಲ್ಲಿ. ಮತ್ತೆ ಅರ್ಧ ಸೆಕೆಂಡ್ ಸುಮ್ನೆ. ನಂತರ ಗಂಗೆ. ಬೆರಳ ತುದಿಯಿಂದ ಒಂದು ಕಾಳಿನಷ್ಟು ಮರಳು ಸರಿಸಿದರೆ ಅಡಿಯಿಂದ ಬೆಳಕಿನ ಚುಕ್ಕೆ ಏಳುತ್ತದೆ. ಅದನ್ನು ಮೊದಲು ಕೂದಲೆಳೆಯಷ್ಟು, ಆಮೇಲೆ ಹೆಚ್ಚುಹೆಚ್ಚು ಅಗಲ ಮಾಡುತ್ತ, 60 ಫೋಟೊಗಳಲ್ಲಿ ಗಾಜು ಪೂರ್ತಿ ಬೆಳಕಾಗಬೇಕು. ನೀರು ಬಿಡಿಸುವುದೇ ಬೇಡ. ಮರಳು ಸರಿದ ಜಾಗವೇ ನೀರು.

ದನಿ, ಜೋಡಣೆ

ಫೋಟೊಗಳನ್ನು ಯಾವುದಾದರೂ ಉಚಿತ ಸ್ಟಾಪ್‌ಮೋಷನ್ ಆ್ಯಪಿಗೆ ಹಾಕಿ, ಸೆಕೆಂಡಿಗೆ 10 ಎಂದು ಕೊಟ್ಟರೆ ಅದೇ ಜೋಡಿಸುತ್ತದೆ. ದನಿಯ ಕೆಲಸ ಮಾತ್ರ ರಾತ್ರಿ ಮಾಡಿ. ನಮ್ಮ ಶಾಲೆ ರೈಲ್ವೆ ಹಳಿಯ ಪಕ್ಕ, ನಾಲ್ಕು ನಿಮಿಷಕ್ಕೊಂದು ಟ್ರೇನ್. ಕೊನೆಗೆ ಒಬ್ಬರ ಮನೆಯಲ್ಲಿ ಕಂಬಳಿ ಹೊದ್ದು, ಒಳಗೆ ಫೋನ್ ಹಿಡಿದು ಮಾತಾಡಿಸಿದೆವು. ಹೊದಿಕೆ ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತದೆ. ಸಿನಿಮಾ ಹಾಡು ಹಾಕಬೇಡಿ, ಹಕ್ಕಿನ ತಕರಾರು ಬರುತ್ತದೆ. ಬಾಣ ಬಿಡುವಲ್ಲಿ ನಮಗೆ ಚೆಂಡೆಯ ಒಂದೇ ಒಂದು ಪೆಟ್ಟು ಸಾಕಾಯಿತು. ಗಂಗೆ ಉಕ್ಕುವಲ್ಲಿ ಏನೂ ಇಲ್ಲ, ಕೊಡಕ್ಕೆ ನೀರು ಸುರಿಯುವ ಸದ್ದು ಮಾತ್ರ.

ಮುಗಿದ ಮೇಲೆ ವಾಟ್ಸ್‌ಆ್ಯಪಿನಲ್ಲಿ ವಿಡಿಯೊ ಎಂದು ಕಳಿಸಬೇಡಿ, ಚಿತ್ರ ಮಂಕಾಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ. ಕತೆ ಹೇಳಿದವರಿಗೆ ಮೊದಲು ತೋರಿಸಿ. ಮರಳನ್ನು ಮುಂದಿನ ವರ್ಷಕ್ಕೆ ಡಬ್ಬಿಯಲ್ಲಿ ತುಂಬಿಡಬಹುದು. ಮೇಲೆ ಹೆಸರು ಮಾತ್ರ ದಪ್ಪ ಅಕ್ಷರದಲ್ಲಿ ಬರೆಯಿರಿ. ತೊಳೆದು ಸೋಸಿದ ಮರಳು ದಪ್ಪ ರವೆಯ ಥರಾನೇ ಕಾಣುತ್ತದೆ, ನಮ್ಮ ಶಾಲೆಯ ಅಡುಗೆಯಕ್ಕ ಒಗ್ಗರಣೆ ಹಾಕಿಯೇ ಬಿಟ್ಟಿದ್ದರು.