ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿಯಲ್ಲಿ ‘ಸೈನಸ್ ಆಫ್ ವಲ್ಸಾಲ್ವಾ ಅನ್ಯೂರಿಸಮ್’ ಎಂದಿದ್ದರೆ ಏನು ಮಾಡಬೇಕು?

ಹೆಸರು ಕೇಳಿದರೇ ಗಾಬರಿಯಾಗುತ್ತದೆ, ಅಲ್ವಾ? ಮೊದಲು ಇದೇನೆಂದು ನೋಡೋಣ. ಮೈಗೆಲ್ಲ ರಕ್ತ ಒಯ್ಯುವ ಮಹಾಧಮನಿಯ ಬುಡದಲ್ಲಿ ಒಂದು ಕವಾಟವಿದೆ. ಅದರ ಮೂರು ಎಸಳುಗಳ ಹಿಂದೆ ಧಮನಿಯ ಗೋಡೆಯಲ್ಲೇ ಮೂರು ಪುಟ್ಟ ಜೇಬುಗಳಿವೆ (ಇವೇ ‘ಸೈನಸ್’). ಇಟಲಿಯ ವೈದ್ಯ ಆಂಟೋನಿಯೋ ವಲ್ಸಾಲ್ವಾ (1666–1723) ಅವರ ಹೆಸರನ್ನೇ ಇವಕ್ಕೆ ಇಟ್ಟಿದ್ದಾರೆ. ಈ ತೊಂದರೆ ಇರುವ ಹೆಚ್ಚಿನವರಲ್ಲಿ ಈ ಗೋಡೆ ಹುಟ್ಟಿನಿಂದಲೇ ಒಂದು ಕಡೆ ಸಡಿಲವಾಗಿರುತ್ತದೆ. ರಕ್ತದ ಒತ್ತಡ ವರ್ಷಗಟ್ಟಲೆ ಬಿದ್ದು ಬಿದ್ದು ಆ ಜೇಬು ಬಲೂನಿನಂತೆ ಉಬ್ಬುತ್ತದೆ. ಈ ಉಬ್ಬೇ ‘ಅನ್ಯೂರಿಸಮ್’. ಅಪರೂಪದ ತೊಂದರೆ. ಗಂಡಸರಲ್ಲಿ, ಏಷ್ಯಾದವರಲ್ಲಿ ಜಾಸ್ತಿ.

ಮೊದಲ ಹೆಜ್ಜೆ: ವರದಿಯಲ್ಲಿ ‘ರಪ್ಚರ್ಡ್’ (ಒಡೆದಿದೆ) ಅಂತಿದೆಯೋ, ‘ಅನ್‌ರಪ್ಚರ್ಡ್’ (ಒಡೆದಿಲ್ಲ) ಅಂತಿದೆಯೋ ನೋಡಿ. ಒಡೆಯದ ಉಬ್ಬು ಎಷ್ಟೋ ಸಲ ಏನೂ ತೊಂದರೆ ಕೊಡದೆ ಸುಮ್ನೆ ಇರುತ್ತದೆ. ಒಡೆದರೆ ಕಥೆ ಬೇರೆ. ಮೈಗೆ ಹೋಗಬೇಕಾದ ರಕ್ತ ಸಾಮಾನ್ಯವಾಗಿ ಹೃದಯದ ಬಲಗಡೆಯ ಕೋಣೆಗೆ ನುಗ್ಗುತ್ತದೆ. ಸ್ಟೆತಸ್ಕೋಪ್ ಇಟ್ಟರೆ ಗಿರಣಿ ಓಡಿದಂತೆ ಬಿಡುವಿಲ್ಲದ ಸದ್ದು ಕೇಳುತ್ತದೆ. ಇದ್ದಕ್ಕಿದ್ದಂತೆ ಎದೆನೋವು, ಏದುಸಿರು, ಎದೆ ಡವಡವ ಶುರುವಾದರೆ ಬೆಳಗಾಗಲಿ ಎಂದು ಕಾಯಬೇಡಿ. ಗ್ಯಾಸ್ಟ್ರಿಕ್ ಇರಬಹುದು ಎನ್ನುವ ಮಾತಂತೂ ಬೇಡವೇ ಬೇಡ. ತಕ್ಷಣ ಹೃದ್ರೋಗ ವಿಭಾಗವಿರುವ ಆಸ್ಪತ್ರೆಗೆ ಹೋಗಿ.

ಎರಡನೆಯದು: ಉಬ್ಬಿರುವುದು ಯಾವ ಜೇಬು ಎಂದು ಕೇಳಿ (ಬಹುತೇಕ ಬಲಗಡೆಯದು). ಕವಾಟ ಸೋರುತ್ತಿದೆಯಾ, ಕೆಳಗಿನ ಕೋಣೆಗಳ ನಡುವೆ ರಂಧ್ರವಿದೆಯಾ ಎಂದೂ ಕೇಳಿ. ಚಿಕಿತ್ಸೆ ಯಾವುದೆಂದು ತೀರ್ಮಾನವಾಗುವುದು ಬಹಳಷ್ಟು ಇದರ ಮೇಲೆಯೇ.

ಮೂರನೆಯದಾಗಿ, ಸರಿಯಾಗಿ ಕಾಣದಿದ್ದರೆ ಟಿಇಇ ಬರೆದುಕೊಡುತ್ತಾರೆ. ಗಂಟಲು ಮರಗಟ್ಟಿಸಿ, ಅನ್ನನಾಳದೊಳಗೆ ಕೊಳವೆ ಇಳಿಸಿ ಮಾಡುವ ಎಕೋ ಇದು. ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಸಿಟಿ ಸ್ಕ್ಯಾನ್ ಕೂಡ ಬೇಕಾಗಬಹುದು.

ಒಡೆದಿದ್ದರೆ ಮುಚ್ಚಲೇಬೇಕು. ಕವಾಟ ಸೋರುತ್ತಿದ್ದರೆ, ಬೇರೆ ರಂಧ್ರವೂ ಇದ್ದರೆ ಸಾಮಾನ್ಯವಾಗಿ ಆಪರೇಷನ್ ಮಾಡುತ್ತಾರೆ. ಅದೆರಡೂ ಇಲ್ಲದಿದ್ದರೆ ತೊಡೆಯ ರಕ್ತನಾಳದ ಮೂಲಕ ಡಿವೈಸ್ (ತೂತು ಮುಚ್ಚುವ ಪುಟ್ಟ ಸಾಧನ) ಕೂರಿಸಿ ಮುಚ್ಚಲು ಆಗುವುದುಂಟು. “ನಮಗೆ ಡಿವೈಸ್ ಆಗುತ್ತಾ ಡಾಕ್ಟ್ರೇ?” ಎಂದು ಸಂಕೋಚವಿಲ್ಲದೆ ಕೇಳಿ.

ಒಡೆಯದಿದ್ದರೆ ಬಿಪಿ ಹತೋಟಿಯಲ್ಲಿಡಿ, ಡಾಕ್ಟರ್ ಹೇಳಿದಾಗೆಲ್ಲ ಎಕೋ ಮಾಡಿಸಿ. ಹಳೆಯ ವರದಿ, ಸಿ.ಡಿ. ಎರಡನ್ನೂ ಪ್ರತಿಸಲ ಒಯ್ಯಿರಿ. ಹೋದ ಸಲಕ್ಕಿಂತ ಉಬ್ಬು ಎಷ್ಟು ಮಿಲಿಮೀಟರ್ ಬೆಳೆದಿದೆ ಎಂದು ಅವರು ಅಳೆದು ನೋಡುವುದು ಅದನ್ನು ಪಕ್ಕದಲ್ಲಿಟ್ಟುಕೊಂಡೇ.