ಸಮೀಕರಣ ಬರೆಯುವುದು ಹೇಗೆ, ತೂಗಿ ನೋಡುವುದು ಹೇಗೆ

ರಾಸಾಯನಿಕ ಸಮೀಕರಣದ ಎಡಬಲ ಸರಿದೂಗಿತೆಂದರೆ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಪರೀಕ್ಷೆಯ ಅಂಕಕ್ಕೆ ಅಷ್ಟು ಸಾಕು. ಆದರೆ ಸರಿದೂಗಿದ ಸಮೀಕರಣಗಳೆಲ್ಲ ನಿಜವಾಗಿ ನಡೆಯುವ ಕ್ರಿಯೆಗಳಲ್ಲ. ಒಂದೇ ವಸ್ತುವಿಗೆ ಮೂರು ಬಗೆಯ ಸಮೀಕರಣ ಬರೆದು ಮೂರನ್ನೂ ಲೋಪವಿಲ್ಲದೆ ಸರಿದೂಗಿಸಬಹುದು. ಅವುಗಳಲ್ಲಿ ಯಾವುದು ನಡೆಯುತ್ತದೆ ಎಂಬುದನ್ನು ತಕ್ಕಡಿಯಿಂದ ತಿಳಿಯಬೇಕು.

ಇದಕ್ಕೆ ಬೇಕಾಗುವುದು ಇಷ್ಟು: ಆವರ್ತಕ ಕೋಷ್ಟಕ, 0.1 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ (0.01 ಗ್ರಾಂ ತೋರಿಸುವುದಾದರೆ ಇನ್ನೂ ಒಳ್ಳೆಯದು), ಅಡುಗೆ ಸೋಡಾ, ಬಿಳಿ ವಿನೆಗರ್, ಹಗುರವಾದ ಎತ್ತರದ ಪ್ಲಾಸ್ಟಿಕ್ ಪಾತ್ರೆ, ಒಂದು ಲೀಟರಿನ ತಂಪು ಪಾನೀಯದ ಖಾಲಿ ಪ್ಲಾಸ್ಟಿಕ್ ಬಾಟಲಿ, ಚಿಕ್ಕ ಸ್ಟೀಲ್ ತಟ್ಟೆ ಮತ್ತು ಓವನ್. ಬೇಕಿಂಗ್ ಪೌಡರ್ ಬೇಡ. ಅದರಲ್ಲಿ ಸೋಡಾ ಜೊತೆಗೆ ಆಮ್ಲದ ಪುಡಿ ಮತ್ತು ಪಿಷ್ಟವೂ ಬೆರೆತಿರುವುದರಿಂದ ಕೆಳಗಿನ ಒಂದು ಲೆಕ್ಕವೂ ಹೊಂದುವುದಿಲ್ಲ.

ಕೋಷ್ಟಕದ ಒಂದು ಮನೆಯನ್ನು ಓದುವುದು

ಪ್ರತಿ ಮನೆಯಲ್ಲೂ ಎರಡು ಸಂಖ್ಯೆಗಳಿರುತ್ತವೆ. ಪೂರ್ಣಾಂಕವಾಗಿರುವುದು ಪರಮಾಣು ಸಂಖ್ಯೆ, ಅಂದರೆ ಬೀಜಕೇಂದ್ರದಲ್ಲಿರುವ ಪ್ರೋಟಾನುಗಳ ಎಣಿಕೆ. ಸೋಡಿಯಂಗೆ 11, ಕ್ಲೋರಿನ್‌ಗೆ 17. ಇದು ಬದಲಾದರೆ ಧಾತುವೇ ಬದಲಾದಂತೆ. ದಶಮಾಂಶವಿರುವ ಇನ್ನೊಂದು ಸಂಖ್ಯೆ ಪರಮಾಣು ರಾಶಿ. ಕ್ಲೋರಿನ್‌ಗೆ ಅದು 35.45. ಹಾಗೆಂದು 35.45 ತೂಗುವ ಕ್ಲೋರಿನ್ ಪರಮಾಣು ಎಲ್ಲೂ ಇಲ್ಲ. ನಿಸರ್ಗದಲ್ಲಿ ಸಿಗುವ ಕ್ಲೋರಿನ್‌ನಲ್ಲಿ ಸುಮಾರು ಮುಕ್ಕಾಲು ಪಾಲು 35 ರಾಶಿಯದು, ಉಳಿದ ಕಾಲು ಪಾಲು 37 ರಾಶಿಯದು. ಎರಡರಲ್ಲೂ ಪ್ರೋಟಾನು 17, ವ್ಯತ್ಯಾಸ ನ್ಯೂಟ್ರಾನುಗಳಲ್ಲಿ ಮಾತ್ರ. ಕೋಷ್ಟಕದಲ್ಲಿರುವುದು ಅವುಗಳ ಸರಾಸರಿ. ತಕ್ಕಡಿಯ ಮೇಲೆ ಒಂದು ಚಿಟಿಕೆ ಇಟ್ಟರೂ ಅದರಲ್ಲಿ ಕೋಟಿ ಕೋಟಿ ಪರಮಾಣುಗಳಿರುವುದರಿಂದ ನಮಗೆ ಬೇಕಾಗುವುದೂ ಈ ಸರಾಸರಿಯೇ.

ಕೋಷ್ಟಕದ ಸಾಲು ಹೇಳುವುದು ಪರಮಾಣು ಸಂಖ್ಯೆಯ ಕ್ರಮವನ್ನು, ತೂಕದ ಕ್ರಮವನ್ನಲ್ಲ. 1869ರಲ್ಲಿ ರಷ್ಯದ ರಸಾಯನವಿಜ್ಞಾನಿ ಮೆಂಡಲೀವ್ ಧಾತುಗಳನ್ನು ತೂಕದ ಪ್ರಕಾರ ಜೋಡಿಸಿದರೂ, ಗುಣಗಳು ಹೊಂದಲೆಂದು ಟೆಲ್ಯೂರಿಯಂ ಅನ್ನು ಅಯೋಡಿನ್‌ಗಿಂತ ಮೊದಲೇ ಇಟ್ಟ. ಈಗಿನ ಮಾಪನದಲ್ಲೂ ಟೆಲ್ಯೂರಿಯಂ 127.60, ಅಯೋಡಿನ್ 126.90. ಭಾರದ್ದೇ ಮುಂದಿದೆ. ಅದು ಯಾಕೆ ಸರಿ ಎಂಬುದು ಗೊತ್ತಾದದ್ದು 1913ರಲ್ಲಿ, ಇಂಗ್ಲೆಂಡಿನ ಭೌತವಿಜ್ಞಾನಿ ಮೋಸ್ಲಿ ಎಕ್ಸ್-ಕಿರಣಗಳ ಮೂಲಕ ಬೀಜಕೇಂದ್ರದ ವಿದ್ಯುದಾವೇಶಕ್ಕೂ ಧಾತುವಿನ ಸ್ಥಾನಕ್ಕೂ ಇರುವ ನಂಟನ್ನು ತೋರಿಸಿದ ಮೇಲೆ.

ಲೆಕ್ಕದಲ್ಲಿ ಗ್ರಾಂ ಬಂದಾಗ ದಶಮಾಂಶದ ಸಂಖ್ಯೆಯನ್ನು ಹಿಡಿಯಿರಿ, ಬಂಧದ ಮಾತು ಬಂದಾಗ ಕಂಬಸಾಲನ್ನು ನೋಡಿ. ಇವೆರಡನ್ನು ಅದಲುಬದಲು ಮಾಡಿ ಸೋಡಿಯಂಗೆ 23ರ ಬದಲು 11 ಗ್ರಾಂ ಹಾಕಿದ ಉತ್ತರಪತ್ರಿಕೆಗಳಿಗೆ ಲೆಕ್ಕವಿಲ್ಲ.

ಕಂಬಸಾಲಿನಿಂದ ಸೂತ್ರಕ್ಕೆ

ಒಂದೇ ಕಂಬಸಾಲಿನ, ಅಂದರೆ ಒಂದೇ ವರ್ಗದ ಧಾತುಗಳಿಗೆ ಹೊರಕವಚದ ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಒಂದೇ ಸಂಖ್ಯೆಯಲ್ಲಿರುತ್ತವೆ. ಅದರಿಂದಲೇ ವೇಲೆನ್ಸಿ, ಅಂದರೆ ಒಂದು ಪರಮಾಣು ಎಷ್ಟು ಬಂಧ ಕಟ್ಟಿಕೊಳ್ಳುತ್ತದೆ ಎಂಬ ಸಂಖ್ಯೆ, ಸಿಗುತ್ತದೆ. 1ನೇ ವರ್ಗಕ್ಕೆ 1, 2ನೇ ವರ್ಗಕ್ಕೆ 2, 13ಕ್ಕೆ 3, 14ಕ್ಕೆ 4. ಅಲ್ಲಿಂದ ಇಳಿಯುತ್ತದೆ: 15ಕ್ಕೆ 3, 16ಕ್ಕೆ 2, 17ಕ್ಕೆ 1. 18ನೇ ವರ್ಗದ ಅನಿಲಗಳನ್ನು ಸೊನ್ನೆ ಎಂದು ಬಿಟ್ಟುಬಿಡಿ. ನಡುವಿನ 3ರಿಂದ 12ನೇ ವರ್ಗದ ಲೋಹಗಳಿಗೆ ಈ ಉಪಾಯ ನಡೆಯದು. ಕಬ್ಬಿಣ 2 ಆಗಿಯೂ 3 ಆಗಿಯೂ ವರ್ತಿಸುತ್ತದೆ, ಆದ್ದರಿಂದ ಸಂಯುಕ್ತದ ಹೆಸರಲ್ಲೇ ಅದನ್ನು ಸೂಚಿಸಿರುತ್ತಾರೆ.

ಸೂತ್ರ ಬರೆಯಲು ಎರಡು ವೇಲೆನ್ಸಿಗಳನ್ನು ಅಡ್ಡಡ್ಡ ದಾಟಿಸಿ. ಅಲ್ಯೂಮಿನಿಯಂ 3, ಆಕ್ಸಿಜನ್ 2. ದಾಟಿಸಿದರೆ ಎರಡು ಅಲ್ಯೂಮಿನಿಯಂಗೆ ಮೂರು ಆಕ್ಸಿಜನ್. ಮೆಗ್ನೀಷಿಯಂ 2, ಆಕ್ಸಿಜನ್ 2 ಬಂದಾಗ ಎರಡೆರಡು ಎಂದು ಬರೆಯದೆ ಒಂದಕ್ಕೊಂದು ಎಂದು ಇಳಿಸಬೇಕು. ಅಯಾನುಗಳಿಂದ, ಅಂದರೆ ವಿದ್ಯುದಾವೇಶವಿರುವ ಕಣಗಳಿಂದಾದ ಸಂಯುಕ್ತದಲ್ಲಿ ಅತಿ ಚಿಕ್ಕ ಅನುಪಾತವೇ ಸೂತ್ರ. ಆದರೆ ಅಣುಗಳಿಂದಾದ ವಸ್ತುವಿಗೆ ಈ ಇಳಿಕೆ ಸಲ್ಲದು. ಹೈಡ್ರೋಜನ್ ಪೆರಾಕ್ಸೈಡ್ ಎಂಬುದು ಎಚ್₂ಒ₂ ಮಾತ್ರ. (ಎಚ್ ಹೈಡ್ರೋಜನ್, ಒ ಆಕ್ಸಿಜನ್, ಸಿ ಕಾರ್ಬನ್.) ಹೈಡ್ರೋಜನ್, ನೈಟ್ರೋಜನ್, ಆಕ್ಸಿಜನ್, ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್ ಈ ಏಳು ಧಾತುಗಳು ಒಂಟಿಯಾಗಿದ್ದಾಗ ಜೋಡಿ ಪರಮಾಣುಗಳಾಗಿಯೇ ಇರುತ್ತವೆ ಎಂಬುದನ್ನಂತೂ ಬಾಯಿಪಾಠ ಮಾಡಲೇಬೇಕು.

ಸರಿದೂಗಿಸುವುದು

ಹೈಡ್ರೋಜನ್ ಉರಿದು ನೀರಾಗುವುದನ್ನು ಹೀಗೆ ಬರೆದುಕೊಳ್ಳಿ:

ಎಚ್₂ + ಒ₂ → ಎಚ್₂ಒ

ಎಡಕ್ಕೆ ಎರಡು ಆಕ್ಸಿಜನ್, ಬಲಕ್ಕೆ ಒಂದೇ. ಇಲ್ಲಿ ಬಲಗಡೆಯ ಸೂತ್ರದ ಕಾಲಿಗೆ 2 ಅಂಟಿಸಿ ಎಚ್₂ಒ₂ ಮಾಡಿದರೆ ಎಣಿಕೆ ಹೊಂದುತ್ತದೆ, ಆದರೆ ನೀರು ಹೋಗಿ ಪೆರಾಕ್ಸೈಡ್ ಬಂದು ಕೂರುತ್ತದೆ. ಸೂತ್ರದ ಒಳಗಿನ ಸಣ್ಣ ಅಂಕಿ ವಸ್ತುವಿನ ಗುರುತು, ಅದನ್ನು ಮುಟ್ಟುವಂತಿಲ್ಲ. ಮುಂದಿನ ದೊಡ್ಡ ಅಂಕಿಯನ್ನಷ್ಟೇ ಬದಲಿಸಬಹುದು. ನೀರಿನ ಮುಂದೆ 2 ಹಾಕಿದರೆ ಆಕ್ಸಿಜನ್ ಸರಿಹೋಗುತ್ತದೆ, ಹೈಡ್ರೋಜನ್ ನಾಲ್ಕಾಗುತ್ತದೆ. ಎಡಗಡೆ ಹೈಡ್ರೋಜನ್ ಮುಂದೆಯೂ 2 ಹಾಕಿ:

2ಎಚ್₂ + ಒ₂ → 2ಎಚ್₂ಒ

ದೊಡ್ಡ ಸಮೀಕರಣದಲ್ಲಿ ಎಲ್ಲಿಂದ ಶುರುಮಾಡಬೇಕು? ಮೊದಲು ಲೋಹ, ಆಮೇಲೆ ಕಾರ್ಬನ್‌ನಂಥ ಅಲೋಹ, ನಂತರ ಹೈಡ್ರೋಜನ್, ಕೊನೆಗೆ ಆಕ್ಸಿಜನ್. ಆಕ್ಸಿಜನ್ ಹೆಚ್ಚಾಗಿ ಒಂದಕ್ಕಿಂತ ಹೆಚ್ಚು ಸೂತ್ರಗಳಲ್ಲಿ ಇರುತ್ತದಾದ್ದರಿಂದ ಅದನ್ನು ಮೊದಲೇ ಹಿಡಿದರೆ ಪ್ರತಿ ಹೆಜ್ಜೆಗೂ ಹಿಂದಿನದನ್ನು ಅಳಿಸಬೇಕಾಗುತ್ತದೆ. ಬ್ಯೂಟೇನ್ ಉರಿಯುವುದನ್ನೇ ನೋಡಿ. ಸಿ₄ಎಚ್₁₀ ಒಂದು ಇದ್ದರೆ ಬಲಕ್ಕೆ 4 ಸಿಒ₂, 5 ಎಚ್₂ಒ. ಬಲಗಡೆ ಒಟ್ಟು ಆಕ್ಸಿಜನ್ 8 + 5 = 13. ಎಡಗಡೆ ಜೋಡಿಯಲ್ಲೇ ಬರಬೇಕಾದ್ದರಿಂದ ಆರೂವರೆ ಒ₂. ಅರ್ಧ ಬಂತೆಂದು ಹೆದರಬೇಕಿಲ್ಲ, ಇಡೀ ಸಾಲನ್ನು ಎರಡರಿಂದ ಗುಣಿಸಿ:

2ಸಿ₄ಎಚ್₁₀ + 13ಒ₂ → 8ಸಿಒ₂ + 10ಎಚ್₂ಒ

ಸಲ್ಫೇಟ್, ನೈಟ್ರೇಟ್‌ನಂಥ ಗುಂಪು ಎರಡೂ ಕಡೆ ಒಡೆಯದೆ ಉಳಿದಿದ್ದರೆ ಅದನ್ನು ಬಿಡಿಬಿಡಿಯಾಗಿ ಎಣಿಸದೆ ಒಂದೇ ಘಟಕವಾಗಿ ಎಣಿಸಿ. ಅರ್ಧ ಸಮಯ ಉಳಿಯುತ್ತದೆ.

ಅಂಕಿಗಳಿಂದ ಗ್ರಾಂಗೆ

ಸಮೀಕರಣ ಅಣುಗಳನ್ನು ಎಣಿಸುತ್ತದೆ, ತಕ್ಕಡಿ ಗ್ರಾಂ ತೋರಿಸುತ್ತದೆ. ಎರಡನ್ನೂ ಜೋಡಿಸುವುದು ಮೋಲ್. ಯಾವುದೇ ವಸ್ತುವಿನ ಒಂದು ಮೋಲ್‌ನಲ್ಲಿ 6.022×10²³ ಕಣಗಳಿರುತ್ತವೆ. ಸೂತ್ರದಲ್ಲಿರುವ ಪರಮಾಣು ರಾಶಿಗಳನ್ನೆಲ್ಲ ಕೂಡಿ ಗ್ರಾಂ ಎಂದು ಓದಿದರೆ ಅದೇ ಒಂದು ಮೋಲ್‌ನ ತೂಕ.

ಅಡುಗೆ ಸೋಡಾ ಎಂದರೆ ಸೋಡಿಯಂ ಬೈಕಾರ್ಬೊನೇಟ್: ಒಂದು ಸೋಡಿಯಂ (22.99), ಒಂದು ಹೈಡ್ರೋಜನ್ (1.01), ಒಂದು ಕಾರ್ಬನ್ (12.01), ಮೂರು ಆಕ್ಸಿಜನ್ (48.00). ಒಟ್ಟು 84.01 ಗ್ರಾಂ. ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲದ ಮೋಲ್ 60.05 ಗ್ರಾಂ, ಕಾರ್ಬನ್ ಡೈಆಕ್ಸೈಡ್‌ನದು 44.01 ಗ್ರಾಂ. ಸೋಡಾ ಮತ್ತು ಆಮ್ಲ ಒಂದಕ್ಕೊಂದರಂತೆ ಕೂಡಿ ಸೋಡಿಯಂ ಅಸಿಟೇಟ್, ನೀರು ಮತ್ತು ಒಂದು ಪಾಲು ಕಾರ್ಬನ್ ಡೈಆಕ್ಸೈಡ್ ಕೊಡುತ್ತವೆ.

5 ಗ್ರಾಂ ಸೋಡಾ ಅಂದರೆ 5 ÷ 84.01 = 0.0595 ಮೋಲ್. ಅದಕ್ಕೆ ಬೇಕಾದ ಆಮ್ಲ 0.0595 × 60.05 = 3.57 ಗ್ರಾಂ. ಚೀಟಿಯಲ್ಲಿ 5% ಆಮ್ಲ ಎಂದಿರುವ ವಿನೆಗರಿನ 100 ಮಿಲಿಯಲ್ಲಿ 5 ಗ್ರಾಂ ಆಮ್ಲ ಎಂದು ಹಿಡಿದರೆ, ಸುಮಾರು 72 ಮಿಲಿ ಬೇಕು. ಹೊರಬರಬೇಕಾದ ಅನಿಲ 0.0595 × 44.01 = 2.62 ಗ್ರಾಂ.

ಮೊದಲ ಪರೀಕ್ಷೆ

1. ಎತ್ತರದ ಪಾತ್ರೆಗೆ 90 ಮಿಲಿ ವಿನೆಗರ್ ಹಾಕಿ. ಲೆಕ್ಕಕ್ಕಿಂತ ಹೆಚ್ಚು ಹಾಕುವುದು ಸೋಡಾ ಪೂರ್ತಿ ಖರ್ಚಾಗಲೆಂದು.
2. ತುಂಡು ಕಾಗದದ ಮೇಲೆ 5.0 ಗ್ರಾಂ ಸೋಡಾ ತೂಗಿ. ಪಾತ್ರೆ, ವಿನೆಗರ್, ಕಾಗದ, ಸೋಡಾ ಎಲ್ಲವನ್ನೂ ಒಟ್ಟಿಗೆ ತಕ್ಕಡಿಯ ಮೇಲಿಟ್ಟು ಅಂಕಿ ಬರೆದುಕೊಳ್ಳಿ.
3. ಸೋಡಾವನ್ನು ಐದಾರು ಕಂತಿನಲ್ಲಿ ಉದುರಿಸಿ. ಪ್ರತಿ ಬಾರಿ ನೊರೆ ಇಳಿಯಲು ಬಿಡಿ. ಒಮ್ಮೆಲೇ ಸುರಿದರೆ ಉಕ್ಕಿ ಹನಿಗಳು ಹಾರುತ್ತವೆ, ಆ ಹನಿಗಳ ತೂಕವೂ ಅನಿಲದ ಲೆಕ್ಕಕ್ಕೆ ಸೇರಿಬಿಡುತ್ತದೆ.
4. ಪಾತ್ರೆಯನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತ ಹತ್ತು ನಿಮಿಷ ಬಿಡಿ. ಒಂದು ರಟ್ಟಿನಿಂದ ಬಾಯಿಯ ಬಳಿ ಗಾಳಿ ಬೀಸಿ. ಕಾಗದವನ್ನೂ ಇಟ್ಟು ಮತ್ತೆ ತೂಗಿ.

ಗಾಳಿ ಬೀಸದೆ ತಕ್ಷಣ ತೂಗಿದರೆ 2.6 ಬದಲು 2.3ರ ಆಸುಪಾಸು ಬರಬಹುದು. ಕಾರಣ ಎರಡು. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಸಾಂದ್ರ, ಆದ್ದರಿಂದ ಅರ್ಧ ಲೀಟರಿನ ಪಾತ್ರೆಯ ಖಾಲಿ ಭಾಗದಲ್ಲಿ ನಿಂತುಕೊಂಡು 0.2 ಗ್ರಾಂನಷ್ಟು ಹೆಚ್ಚುವರಿ ತೂಕ ತೋರಿಸುತ್ತದೆ. ಜೊತೆಗೆ 90 ಮಿಲಿ ದ್ರವದಲ್ಲಿ 0.1 ಗ್ರಾಂಗೂ ಸ್ವಲ್ಪ ಹೆಚ್ಚು ಅನಿಲ ಕರಗಿ ಉಳಿಯುತ್ತದೆ. ಹಾಗೆಂದು ಗಂಟೆಗಟ್ಟಲೆ ಬಿಡಬೇಡಿ, ನೀರು ಆವಿಯಾಗಿ ತಪ್ಪು ಎದುರು ದಿಕ್ಕಿಗೆ ವಾಲುತ್ತದೆ. ಪಾತ್ರೆ ತಣ್ಣಗಾಗಿರುವುದನ್ನೂ ಗಮನಿಸಿ: ಈ ಕ್ರಿಯೆ ಶಾಖವನ್ನು ಹೀರಿಕೊಳ್ಳುತ್ತದೆ.

ಈಗ 50 ಮಿಲಿ ವಿನೆಗರಿನಿಂದ ಮಾಡಿ. ಅದರಲ್ಲಿರುವ ಆಮ್ಲ 2.5 ಗ್ರಾಂ, ಅಂದರೆ 0.0416 ಮೋಲ್. ಸೋಡಾ ಎಷ್ಟೇ ಇರಲಿ, ಅನಿಲ 1.83 ಗ್ರಾಂ ದಾಟದು. ಸುಮಾರು ಒಂದೂವರೆ ಗ್ರಾಂ ಸೋಡಾ ಹಾಗೇ ಉಳಿಯುತ್ತದೆ. ಯಾವುದು ಮೊದಲು ಮುಗಿಯುತ್ತದೋ ಅದೇ ಉತ್ಪನ್ನದ ಪ್ರಮಾಣವನ್ನು ನಿರ್ಧರಿಸುತ್ತದೆ.

ಬಲೂನು ಬೇಡ, ಬಾಟಲಿ ಇರಲಿ

ಕ್ರಿಯೆಯ ಮೊದಲೂ ಆಮೇಲೂ ಒಟ್ಟು ರಾಶಿ ಅಷ್ಟೇ ಇರುತ್ತದೆ ಎಂಬ ರಾಶಿ ಸಂರಕ್ಷಣಾ ನಿಯಮವನ್ನು ತೋರಿಸಲು ಬಾಟಲಿಯ ಬಾಯಿಗೆ ಬಲೂನು ಕಟ್ಟುವ ವಿಡಿಯೊಗಳು ಬೇಕಾದಷ್ಟಿವೆ. ಏನೂ ಹೊರಹೋಗದಿದ್ದರೂ ತಕ್ಕಡಿ ಕಡಿಮೆ ತೋರಿಸಿತೆಂದು ಗೊಂದಲಕ್ಕೆ ಬೀಳುವುದು ಇಲ್ಲಿಯೇ. 5 ಗ್ರಾಂ ಸೋಡಾದಿಂದ ಬರುವ ಅನಿಲ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 1.46 ಲೀಟರ್. ಉಬ್ಬಿದ ಬಲೂನು ಅಷ್ಟೇ ಗಾಳಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಆ ಗಾಳಿಯ ತೂಕ 1.7 ಗ್ರಾಂ, ಅಷ್ಟೂ ಮೇಲ್ಮುಖ ತಳ್ಳುವಿಕೆಯಾಗಿ ತಕ್ಕಡಿಯಲ್ಲಿ ಕಳೆಯುತ್ತದೆ. ರಾಶಿ ಎಲ್ಲೂ ಹೋಗಿಲ್ಲ, ಗಾತ್ರ ಬದಲಾಗಿದೆ.

ಗಾತ್ರ ಬದಲಾಗದ ಪಾತ್ರೆ ಬೇಕೆಂದರೆ ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿ ಸಾಕು. ಒಂದು ಲೀಟರಿನ ಬಾಟಲಿಗೆ 40 ಮಿಲಿ ವಿನೆಗರ್, ಟಿಶ್ಯೂ ಕಾಗದದಲ್ಲಿ ಸುತ್ತಿದ 2 ಗ್ರಾಂ ಸೋಡಾ. ಪೊಟ್ಟಣ, ಮುಚ್ಚಳ ಸಮೇತ ಎಲ್ಲವನ್ನೂ ತೂಗಿ, ಪೊಟ್ಟಣ ಒಳಗೆ ಬಿಟ್ಟು ತಕ್ಷಣ ಬಿಗಿಯಾಗಿ ತಿರುಗಿಸಿ. ಕಾಗದ ನೆನೆಯಲು ಹಿಡಿಯುವ ಕೆಲವು ಸೆಕೆಂಡುಗಳೇ ನಿಮಗಿರುವ ಕಾಲಾವಕಾಶ. ಒಳಗಿನ ಒತ್ತಡ ಸುಮಾರು ಒಂದೂವರೆ ವಾತಾವರಣದಷ್ಟಾಗುತ್ತದೆ, ಅದನ್ನು ಈ ಬಾಟಲಿ ಸಲೀಸಾಗಿ ತಡೆಯುತ್ತದೆ. ಅಂಕಿ ಕದಲುವುದಿಲ್ಲ. ಮುಚ್ಚಳವನ್ನು ನಿಧಾನವಾಗಿ ಸಡಿಲಿಸಿದರೆ ಇಳಿಯುತ್ತದೆ. ಗಾಜಿನ ಬಾಟಲಿಯಲ್ಲಿ ಇದನ್ನು ಮಾಡಲೇಬಾರದು, ಸೋಡಾ ಪ್ರಮಾಣ ಹೆಚ್ಚಿಸಲೂಬಾರದು.

ಮೂರು ಸಮೀಕರಣ, ಒಂದು ತಟ್ಟೆ

ಅಡುಗೆ ಸೋಡಾವನ್ನು ಬರೀ ಕಾಯಿಸಿದರೆ ಏನಾಗುತ್ತದೆ? ಕಾಗದದ ಮೇಲೆ ಮೂರು ಉತ್ತರಗಳು ಸಾಧ್ಯ. ಒಂದು: ಸೋಡಾ ಒಡೆದು ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಕಾರ್ಬನ್ ಡೈಆಕ್ಸೈಡ್. ಎರಡು: ಎರಡು ಸೋಡಾ ಸೇರಿ ಒಂದು ಸೋಡಿಯಂ ಕಾರ್ಬೊನೇಟ್, ಒಂದು ನೀರು, ಒಂದು ಕಾರ್ಬನ್ ಡೈಆಕ್ಸೈಡ್. ಮೂರು: ಎರಡು ಸೋಡಾದಿಂದ ಒಂದು ಸೋಡಿಯಂ ಆಕ್ಸೈಡ್, ಒಂದು ನೀರು, ಎರಡು ಕಾರ್ಬನ್ ಡೈಆಕ್ಸೈಡ್. ಎಣಿಸಿ ನೋಡಿ, ಮೂರೂ ಸರಿದೂಗುತ್ತವೆ. ಆದರೆ 5 ಗ್ರಾಂ ಸೋಡಾದಿಂದ ತಟ್ಟೆಯಲ್ಲಿ ಉಳಿಯಬೇಕಾದ ಪುಡಿ ಮೊದಲನೆಯದರಲ್ಲಿ 2.38 ಗ್ರಾಂ, ಎರಡನೆಯದರಲ್ಲಿ 3.15, ಮೂರನೆಯದರಲ್ಲಿ 1.84.

ಒಣ ಸ್ಟೀಲ್ ತಟ್ಟೆಯನ್ನು ಮೊದಲು ಖಾಲಿಯಾಗಿ ತೂಗಿ. 5.00 ಗ್ರಾಂ ಸೋಡಾವನ್ನು ತೆಳುವಾಗಿ ಹರಡಿ 200 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಒಂದು ಗಂಟೆ ಇಡಿ. ಅಲ್ಯೂಮಿನಿಯಂ ತಟ್ಟೆ ಬೇಡ, ಉಳಿಯುವ ಕ್ಷಾರೀಯ ಪುಡಿ ತೇವ ತಾಗಿದರೆ ಅದನ್ನು ತಿನ್ನುತ್ತದೆ. ಪೂರ್ತಿ ಆರಿದ ಮೇಲೆಯೇ ತೂಗಬೇಕು: ಬಿಸಿ ತಟ್ಟೆಯ ಸುತ್ತ ಮೇಲೇರುವ ಗಾಳಿ ತೂಕವನ್ನು ಕಡಿಮೆ ತೋರಿಸುತ್ತದೆ. ಆದರೆ ಆರಿದ ಪುಡಿಯನ್ನು ರಾತ್ರಿಯಿಡೀ ತೆರೆದಿಟ್ಟರೆ ಗಾಳಿಯ ತೇವ ಹೀರಿ ತೂಕ ಏರುತ್ತದೆ. ಮತ್ತೆ ಅರ್ಧ ಗಂಟೆ ಕಾಯಿಸಿ, ಆರಿಸಿ, ತೂಗಿ. ಎರಡು ಸಲ ಒಂದೇ ಅಂಕಿ ಬಂದಾಗ ಅದನ್ನು ಅಂತಿಮ ಎನ್ನಿ. ಪುಡಿಯನ್ನು ಕೈಯಲ್ಲಿ ಮುಟ್ಟಬೇಡಿ, ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ. ಅದು ಸೋಡಾಗಿಂತ ತೀಕ್ಷ್ಣ.

ತಟ್ಟೆಯ ತೂಕ ಕಳೆದರೆ ಉಳಿಯುವುದು 3.15ರ ಆಸುಪಾಸು, ಅಂದರೆ ನಡೆದದ್ದು ಎರಡನೆಯ ಸಮೀಕರಣ. 3.4 ಅಥವಾ 3.6 ಬಂದರೆ ಸೋಡಾ ಇನ್ನೂ ಪೂರ್ತಿ ಒಡೆದಿಲ್ಲ. ಪದರ ದಪ್ಪವಾಗಿತ್ತು ಇಲ್ಲವೇ ಓವನ್ ಅಷ್ಟು ಬಿಸಿಯಾಗಿರಲಿಲ್ಲ. 3.0ಕ್ಕೆ ಇಳಿದರೆ ಪುಡಿ ಉದುರಿದೆ, ಇಲ್ಲವೇ ಡಬ್ಬಿಯಲ್ಲಿದ್ದ ಸೋಡಾ ಮೊದಲೇ ತೇವ ಹೀರಿತ್ತು. ಆಗ ಹೊಸ ಪೊಟ್ಟಣ ಒಡೆದು ಮತ್ತೆ ತೂಗಿ.